ಟ್ರೌಟ್ ಹಳ್ಳದ ಶ್ರಮದಾನ: ಮೀನಿಗಾಗಿಯಾ, ಗಾಳ ಹಾಕುವವರಿಗಾಗಿಯಾ?

ಕೊಪ್ಪದವನು

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷದಿಂದ ವಿಸ್ಕಾನ್ಸಿನ್ ರಾಜ್ಯದ ಲಾ ಕ್ರಾಸ್ ಊರಲ್ಲಿದ್ದೇನೆ. ಮೊನ್ನೆ ಶನಿವಾರ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಸೊಂಟದ ತನಕ ತಣ್ಣೀರಲ್ಲಿ ನಿಂತು ಓಕ್ ಮರದ ಹಲಗೆ ಹಿಡಿದುಕೊಂಡಿದ್ದೆ. ಇವತ್ತು ಬೆನ್ನು ಬಗ್ಗುತ್ತಿಲ್ಲ. "ಊರಲ್ಲಿ ಮಾವ ತೋಟದ ಬಸಿಗಾಲುವೆ ತೆಗೆಯೋಕೆ ಕರೆದರೆ ನೆಗಡಿ ಅಂತಿದ್ದವರು, ಇಲ್ಲಿ ಯಾರದೋ ಹಳ್ಳಕ್ಕೆ ಬಿಟ್ಟಿ ದುಡಿಯುತ್ತೀರಲ್ಲ" ಎಂದು ಹೆಂಡತಿ ಕೇಳಿದಳು. ಉತ್ತರ ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಜಾಗ ಹೇಗಿದೆ ಅಂದರೆ, ಹಿಮಯುಗದಲ್ಲಿ ಸುತ್ತಲಿನ ನೆಲವನ್ನೆಲ್ಲ ಹಿಮನದಿ ಉಜ್ಜಿ ಸಪಾಟು ಮಾಡಿತು. ಈ ಗುಡ್ಡಗಾಡನ್ನು ಮಾತ್ರ ಮುಟ್ಟಲಿಲ್ಲ. ಡ್ರಿಫ್ಟ್‌ಲೆಸ್ ಅಂತ ಕರೆಯುತ್ತಾರೆ. ವಿಸ್ಕಾನ್ಸಿನ್, ಮಿನೆಸೋಟ, ಅಯೋವಾ, ಇಲಿನಾಯ್ ನಾಲ್ಕು ರಾಜ್ಯಕ್ಕೂ ಹರಡಿಕೊಂಡಿದೆ. ಕಡಿದಾದ ಗುಡ್ಡ, ಕಿರಿದಾದ ಕಣಿವೆ, ಪ್ರತಿ ಕಣಿವೆಯಲ್ಲೂ ಒಂದು ಹಳ್ಳ. ಕಣ್ಣು ಅರೆ ಮುಚ್ಚಿ ನೋಡಿದರೆ ನಮ್ಮ ಕಡೆಯ ಹಾಗೇ ಕಾಣುತ್ತದೆ. ಮಳೆನೀರು ಸುಣ್ಣಕಲ್ಲು, ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದು ಒರತೆಯಾಗಿ ಹೊರಗೆ ಬರುತ್ತದೆ. ಒರತೆಯ ಬಾಯಲ್ಲಿ ನೀರು ವರ್ಷವಿಡೀ ಹೆಚ್ಚುಕಮ್ಮಿ 9–10 ಡಿಗ್ರಿ ಸೆಲ್ಸಿಯಸ್. ಜುಲೈ ಸೆಕೆಯಲ್ಲೂ ಅಷ್ಟೇ, ಜನವರಿಯಲ್ಲಿ ಊರೆಲ್ಲ ಹೆಪ್ಪುಗಟ್ಟಿದಾಗಲೂ ಅಷ್ಟೇ. ಟ್ರೌಟ್ ಎಂಬ ತಣ್ಣೀರಿನ ಮೀನಿಗೆ ಬೇಕಾದದ್ದು ಈ ತಂಪು. ನೀರು 20 ಡಿಗ್ರಿ ದಾಟಿ ಹಾಗೇ ನಿಂತರೆ ಇಲ್ಲಿನ ಮೂಲ ಮೀನು ಬ್ರೂಕ್ ಟ್ರೌಟ್‌ಗೆ ಉಸಿರು ಕಟ್ಟುತ್ತದೆ.

ನಾವು ಮಾಡಿದ ಕೆಲಸ ಹೀಗಿತ್ತು. ಎಂಟು ಅಡಿ ಉದ್ದದ ಓಕ್ ಹಲಗೆಗಳನ್ನು ಮೇಲೊಂದು ಕೆಳಗೊಂದು ಇಟ್ಟು, ನಡುವೆ ಮರದ ದಿಮ್ಮಿ ಕೊಟ್ಟು ಪೆಟ್ಟಿಗೆ ಥರ ಮಾಡುತ್ತಾರೆ. ನೀರಿನ ಕಡೆ ಬಾಯಿ ತೆರೆದಿರುತ್ತದೆ. ಅದನ್ನು ದಂಡೆಯ ಬುಡದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸಿ, ಕಬ್ಬಿಣದ ಸರಳು ಹೊಡೆದು, ಮೇಲೆ ಕಲ್ಲು, ಅದರ ಮೇಲೆ ಮಣ್ಣು, ಅದರ ಮೇಲೆ ಹುಲ್ಲು ಬೀಜ. ಒಂದು ವರ್ಷ ಬಿಟ್ಟು ಹೋದರೆ ಸುಮ್ನೆ ಹುಲ್ಲಿನ ದಂಡೆ ಕಾಣುತ್ತದೆ, ಅಡಿಯಲ್ಲಿ ಮೀನಿಗೆ ಮನೆ. ಇದಕ್ಕೆ ಲಂಕರ್ ಅಂತ ಹೆಸರು. ಆಡುಮಾತಲ್ಲಿ ಲಂಕರ್ ಅಂದರೆ ದೊಡ್ಡ ಮೀನು. ಇದೇ ಕಣಿವೆಗಳಲ್ಲಿ, ಟಿಂಬರ್ ಕೂಲಿ ಎಂಬ ಹಳ್ಳದಲ್ಲಿ, ರಾಜ್ಯದ ಮೀನು ಇಲಾಖೆಯವರು ಬಳಕೆಗೆ ತಂದ ಉಪಾಯ.

ಸೇರಿದ್ದವರು ಸುಮಾರು ಇಪ್ಪತ್ತೈದು ಜನ. ಟ್ರೌಟ್ ಅನ್‌ಲಿಮಿಟೆಡ್ ಎಂಬ ಸಂಘದ ಸ್ಥಳೀಯ ಶಾಖೆ. 1959ರಲ್ಲಿ ಮಿಶಿಗನ್‌ನ ಓ ಸಾಬಲ್ ನದಿ ದಂಡೆಯ ಒಂದು ಮನೆಯಲ್ಲಿ 16 ಜನ ಸೇರಿ ಶುರು ಮಾಡಿದ ಸಂಘ ಇದು. ನಮ್ಮ ಗುಂಪಿನಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ನನ್ನನ್ನು "ಯಂಗ್ ಮ್ಯಾನ್" ಅನ್ನುತ್ತಾರೆ. ನನಗೆ ನಲವತ್ತಮೂರು.

ಇಲ್ಲಿ ಬೇರೆ ಯಾರಾದರೂ ಇಂಥ ಕೆಲಸಕ್ಕೆ ಹೋಗುತ್ತೀರಾ? ಊರಿನ ಕಡೆ ಹಳ್ಳಗಳಿಗೆ ಹೀಗೆ ಮಾಡಿದವರಿದ್ದಾರಾ?

ನೇರ ಮಾತು

ಒಳ್ಳೆ ಕೆಲಸ ಸರ್, ಬೆನ್ನಿಗೆ ಬಿಸಿನೀರು ಹಾಕಿಕೊಳ್ಳಿ. ಆದರೆ ಒಂದು ಮಾತು ಕೇಳಲೇಬೇಕು. ಇದು ಮೀನಿಗೆ ಮಾಡುವ ಉಪಕಾರವೋ, ಗಾಳ ಹಾಕುವವರು ತಮ್ಮ ಆಟದ ಮೈದಾನ ರಿಪೇರಿ ಮಾಡಿಕೊಳ್ಳುವುದೋ? ಮನೆ ಕಟ್ಟಿಕೊಡುವುದು, ಆಮೇಲೆ ಆ ಮನೆ ಬಾಗಿಲಲ್ಲೇ ಕೊಕ್ಕೆ ಇಳಿಸುವುದು!

ಇನ್ನೊಂದು. ನಿಮ್ಮ ಹಳ್ಳದಲ್ಲಿ ಈಗ ಜಾಸ್ತಿ ಇರುವುದು ಬ್ರೌನ್ ಟ್ರೌಟ್ ಅಲ್ವಾ? ಅದು ಅಮೆರಿಕದ್ದೇ ಅಲ್ಲ. 1883ರಲ್ಲಿ ಜರ್ಮನಿಯಿಂದ ಮೊಟ್ಟೆ ತರಿಸಿ ಬಿಟ್ಟದ್ದು. ಬ್ರೂಕ್ ಟ್ರೌಟನ್ನು ಅದೇ ಮೂಲೆಗೆ ತಳ್ಳುತ್ತದೆ. ಹಾಗಾದರೆ ನೀವು ಉಳಿಸುತ್ತಿರುವುದು ಯಾರನ್ನು?

ನಮ್ಮಲ್ಲೂ ಇದೇ ಕಥೆ. ಬ್ರಿಟಿಷರು ತಮ್ಮ ಖುಷಿಗೆ ನೀಲಗಿರಿಯ ಹೊಳೆಗಳಿಗೆ ಟ್ರೌಟ್ ತಂದು ಬಿಟ್ಟರು, ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರವನ್ನೂ ಕಟ್ಟಿದರು. ಅಲ್ಲಿ ಮೊದಲು ಇದ್ದ ಮೀನು, ಕಪ್ಪೆ, ಹುಳಗಳ ಕಥೆ ಏನಾಯಿತು ಅಂತ ಆಗ ಯಾರೂ ಕೇಳಲಿಲ್ಲ.

ಕೊಪ್ಪದವನು

ಗಾಳದ ಮಾತು ನಿಜ. ನಮ್ಮ ಗುಂಪಿನಲ್ಲಿ ಗಾಳ ಹಾಕದವನು ನಾನೊಬ್ಬನೇ ಇರಬೇಕು. ಆದರೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಇಲ್ಲಿ ಟ್ರೌಟ್ ಹಿಡಿಯಲು ಮೀನಿನ ಲೈಸೆನ್ಸ್ ಜೊತೆ 10 ಡಾಲರ್ ಕೊಟ್ಟು ಟ್ರೌಟ್ ಸ್ಟ್ಯಾಂಪ್ ಕೊಳ್ಳಬೇಕು. ಆ ಹಣ ಹಳ್ಳದ ಕೆಲಸಕ್ಕೇ ಹೋಗುತ್ತದೆ. ಹಿಡಿದವರಲ್ಲಿ ತುಂಬಾ ಜನ ಮೀನನ್ನು ವಾಪಸ್ ಬಿಡುತ್ತಾರೆ. ಹಿಟಾಚಿ ಬಾಡಿಗೆ, ಕಲ್ಲು, ಹಲಗೆ, ಎಲ್ಲಕ್ಕೂ ಮೂಲ ಈ ಗಾಳದವರೇ. ನನ್ನಂಥ ಬರಿಗೈ ಪರಿಸರಪ್ರೇಮಿಯ ಪಾಲು ಒಂದು ದಿನದ ಬೆವರು ಅಷ್ಟೇ.

ಬ್ರೌನ್ ಟ್ರೌಟ್ ವಿಷಯಕ್ಕೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ನಮ್ಮಲ್ಲೇ ಅದಕ್ಕೆ ಜಗಳ ಇದೆ. ಕೆಲವರು "ನೂರ ನಲವತ್ತು ವರ್ಷ ಆಯಿತು, ಇನ್ನು ಅದು ಇಲ್ಲಿಯದೇ" ಅನ್ನುತ್ತಾರೆ. ಇನ್ನು ಕೆಲವರು ಒರತೆಗೆ ಹತ್ತಿರದ, ತೀರಾ ತಂಪಿನ ಮೇಲ್ಭಾಗಗಳನ್ನು ಬ್ರೂಕ್ ಟ್ರೌಟ್‌ಗೇ ಮೀಸಲಿಡಬೇಕು ಅನ್ನುತ್ತಾರೆ. ನಾನು ಎರಡನೆಯವರ ಕಡೆ.

ಕಪಿಲಾ ತೀರ

ಕೊಪ್ಪದ ಅಣ್ಣ, ಊರಿನ ಕಡೆ ಯಾರಾದರೂ ಇದ್ದಾರಾ ಅಂತ ಕೇಳಿದಿರಲ್ಲ, ನನ್ನ ತವರು ಬೆಳ್ತಂಗಡಿ ತಾಲೂಕಿನ ಶಿಶಿಲದ ಹತ್ತಿರ. ಶಿಶಿಲೇಶ್ವರ ದೇವಸ್ಥಾನದ ಎದುರಿಗೆ ಕಪಿಲಾ ಹೊಳೆಯಲ್ಲಿ ಮೊಳದುದ್ದದ ದೇವರ ಮೀನುಗಳಿವೆ. ಯಾರೂ ಹಿಡಿಯುವಂತಿಲ್ಲ. ಶೃಂಗೇರಿಯ ತುಂಗೆಯಲ್ಲಿ ಇಲ್ವಾ, ಹಾಗೇ. ಮೀನಿಗೆ ಅಕ್ಕಿ, ಹುರಿಗಡಲೆ ಹಾಕುತ್ತಾ ಬೆಳೆದವಳು ನಾನು.

1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ನಾನು ಆಗ ಐದನೇ ಕ್ಲಾಸು. ಹೊಳೆ ಬದಿಗೆ ಹೋಗಬೇಡಿ ಎಂದು ಅಮ್ಮ ಹೇಳಿದ್ದು ನೆನಪಿದೆ, ಆದರೂ ಹೋಗಿದ್ದೆವು. ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ಒಂದರ ಮೇಲೊಂದು. ದೊಡ್ಡವರು ಅಳುತ್ತಿದ್ದರು. ಆ ಮೀನುಗಳಿಗೆ ಊರಲ್ಲಿ ಸ್ಮಾರಕ ಇದೆ.

ಆಮೇಲೆ ಮೀನು ಮತ್ತೆ ಬಂದವು. ಯಾರೂ ಹಲಗೆ ಕಟ್ಟಲಿಲ್ಲ. ಮೇಲೆ ಕಾಡಿತ್ತು, ಮೇಲಿನ ಗುಂಡಿಗಳಲ್ಲಿ ಮೀನು ಉಳಿದಿದ್ದವು, ಮಳೆಗೆ ಇಳಿದು ಬಂದವು. ಅದಕ್ಕೇ ನನಗೆ ಒಂದು ಸಂಶಯ. ಮೇಲಿನ ಗುಡ್ಡ ಸರಿ ಇದ್ದರೆ ಹೊಳೆ ತಾನೇ ಸರಿ ಹೋಗುವುದಿಲ್ಲವಾ? ನಿಮ್ಮ ಹಳ್ಳಕ್ಕೆ ಯಾಕೆ ಇಷ್ಟು ಶುಶ್ರೂಷೆ?

ಮಣ್ಣು ಮಾಸ್ತರು

ತಂಗೀ, ನೀ ಕೇಳಿದ್ದೇ ಸರಿಯಾದ ಪ್ರಶ್ನೆ. ನಾನು ಧಾರವಾಡದ ಕಡೆ ಭೂಸಾರ ಸಂರಕ್ಷಣೆಯ ಕೆಲಸದಲ್ಲಿ ಮೂವತ್ತು ವರ್ಷ ಒಡ್ಡು ಹಾಕಿಸಿ ನಿವೃತ್ತನಾದವನು. ಹೋದ ವರ್ಷ ಮಗನ ಮನೆಗೆ ಹೋದಾಗ ಹಠ ಮಾಡಿ ಕೂನ್ ವ್ಯಾಲಿ ನೋಡಿ ಬಂದೆ. ಕೊಪ್ಪದ ತಮ್ಮ ಹೇಳುವ ಟಿಂಬರ್ ಕೂಲಿ ಹಳ್ಳ ಬಂದು ಸೇರುವುದು ಅಲ್ಲಿನ ಕೂನ್ ಕ್ರೀಕ್‌ಗೇ. ನಮ್ಮ ಕಸುಬಿನವರಿಗೆ ಅದು ಒಂಥರಾ ಕಾಶಿ.

1850ರ ನಂತರ ಬಂದ ವಲಸಿಗರು ಆ ಗುಡ್ಡಗಳನ್ನು ಮೇಲಿನಿಂದ ಕೆಳಕ್ಕೆ ನೇರ ಉತ್ತರು. ಬೆಟ್ಟದ ಕಾಡಿಗೆ ದನ ಬಿಟ್ಟರು. ಎರಡು ತಲೆಮಾರಿನೊಳಗೆ ಮೇಲ್ಮಣ್ಣು ಕಣಿವೆಗೆ ಇಳಿಯಿತು. ಕೆಲವು ಕಡೆ ಹತ್ತು ಅಡಿಗೂ ಜಾಸ್ತಿ ಹೂಳು ಕೂತಿದೆ. ಹಳೆ ಸೇತುವೆ, ಬೇಲಿ ಕಂಬಗಳೇ ಹೂತು ಹೋದವು. 1933ರಲ್ಲಿ ಹ್ಯೂ ಬೆನೆಟ್ ಅವರ ಹೊಸ ಮಣ್ಣು ಇಲಾಖೆ ಇಡೀ ದೇಶಕ್ಕೆ ಮಾದರಿಯಾಗಲಿ ಅಂತ ಮೊದಲು ಆರಿಸಿಕೊಂಡದ್ದು ಈ ಜಲಾನಯನವನ್ನೇ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಲ್ಡೊ ಲಿಯೊಪೋಲ್ಡ್ ಕೂಡ ಅದರಲ್ಲಿ ಕೈಜೋಡಿಸಿದ್ದರು. ಕೆಲಸವಿಲ್ಲದ ಹುಡುಗರ ಶಿಬಿರ ಹಾಕಿ, ರೈತರ ಜೊತೆ ಐದೈದು ವರ್ಷದ ಕರಾರು ಮಾಡಿಕೊಂಡು, ಗುಡ್ಡದ ಮೈಗೆ ಅಡ್ಡಲಾಗಿ ಪಟ್ಟೆ ಪಟ್ಟೆ ಬೇಸಾಯ. ಒಂದು ಪಟ್ಟೆ ಮೆಕ್ಕೆಜೋಳ, ಒಂದು ಪಟ್ಟೆ ಹುಲ್ಲು. ಕಡಿದಾದ ಕಾಡಿಗೆ ದನ ಬಂದ್.

ಫಲ ಸಿಕ್ಕಿತೇ? ಸಿಕ್ಕಿತು. ಸ್ಟ್ಯಾನ್ಲಿ ಟ್ರಿಂಬಲ್ ಎಂಬ ಭೂಗೋಳ ಪ್ರಾಧ್ಯಾಪಕರು ದಶಕಗಟ್ಟಲೆ ಅಲ್ಲಿ ಹೂಳು ಅಳೆದರು. 1975ರಿಂದ 1993ರ ನಡುವೆ ಕಣಿವೆಯಲ್ಲಿ ಹೂಳು ಕೂರುವ ವೇಗ 1930ರ ದಶಕದ ವೇಗದ 6 ಪರ್ಸೆಂಟಿಗೆ ಇಳಿದಿತ್ತು. ಮಳೆನೀರು ಓಡುವುದು ಬಿಟ್ಟು ಇಂಗತೊಡಗಿತು. ಒರತೆಗಳು ತುಂಬಿದವು, ಹಳ್ಳ ತಂಪಾಯಿತು. ಟ್ರೌಟ್ ಮರಳಿದ್ದಕ್ಕೆ ಮೊದಲ ಶ್ರೇಯಸ್ಸು ಮೀನಿನವರದ್ದಲ್ಲ, ಒಡ್ಡಿನವರದ್ದು. ಸ್ವಲ್ಪ ಜಂಬ ಅನ್ನಿಸಿದರೆ ಕ್ಷಮಿಸಿ, ಇಂಥ ಅವಕಾಶ ನಮಗೆ ಅಪರೂಪ.

ಹಾಗಾದರೆ ಹಲಗೆ ಯಾಕೆ ಬೇಕು ಅಂದರೆ, ಹಳೆ ಹೂಳು ಎಲ್ಲೂ ಹೋಗಿಲ್ಲ. ಹಳ್ಳ ಈಗ ಆ ಹೂಳನ್ನೇ ಕೊರೆದುಕೊಂಡು ಹರಿಯುತ್ತದೆ. ಎರಡೂ ಕಡೆ ಗೋಡೆಯಂಥ ಮಣ್ಣಿನ ದಂಡೆ. ಪ್ರತಿ ಪ್ರವಾಹಕ್ಕೂ ಕುಸಿಯುತ್ತದೆ. ಅಜ್ಜಂದಿರ ತಪ್ಪಿನ ಮಣ್ಣು ಮೊಮ್ಮಕ್ಕಳ ಕಾಲಕ್ಕೆ ಮೀನಿನ ಮೊಟ್ಟೆ ಮೇಲೆ ಕೂರುತ್ತಿದೆ. ಶರತ್ಕಾಲದಲ್ಲಿ ಟ್ರೌಟ್ ಜಲ್ಲಿಕಲ್ಲಿನಲ್ಲಿ ಗುಳಿ ಮಾಡಿ ಮೊಟ್ಟೆ ಇಡುತ್ತದೆ. ಕಲ್ಲಿನ ಸಂದಿಯಲ್ಲಿ ನೀರು ಆಡಬೇಕು. ಹೂಳು ಕೂತರೆ ಮೊಟ್ಟೆಗೆ ಗಾಳಿ ಇಲ್ಲ.

ಬಿಸಿಬೇಳೆ

ನಾನು ಮೀನು ಸಾರಿನ ರೆಸಿಪಿ ಸಿಗಬಹುದು ಅಂತ ಬಂದೆ. ಕ್ಲಾಸು ನಡೀತಿದೆ. ಕೊನೆ ಬೆಂಚಲ್ಲಿ ಕೂತಿದ್ದೇನೆ, ಮುಂದುವರಿಸಿ.

ಕೊಪ್ಪದವನು

ಮಾಸ್ತರೇ, ನೀವು ನಮ್ಮ ಕೆಲಸದ ಅರ್ಧ ಹೇಳಿಬಿಟ್ಟಿರಿ. ಆ ಗೋಡೆಯಂಥ ದಂಡೆಯನ್ನು ಹಿಟಾಚಿಯಿಂದ ಕೆರೆದು ಇಳಿಜಾರು ಮಾಡಿಸುತ್ತೇವೆ. ಪ್ರವಾಹ ಬಂದರೆ ನೀರು ಗೋಡೆಗೆ ಗುದ್ದದೆ ಹುಲ್ಲಿನ ಮೇಲೆ ಹರಡಲಿ ಅಂತ.

ಅದಕ್ಕೂ ಮೊದಲು ಚಳಿಗಾಲದಲ್ಲಿ ಮರ ಕಡಿಯುವ ಕೆಲಸ. ಇದು ನನಗೆ ಮೊದಲ ಸಲ ಒಪ್ಪಿಗೆಯೇ ಆಗಲಿಲ್ಲ. ಹಳ್ಳ ಉಳಿಸಲು ಮರ ಕಡಿಯುವುದಾ? ಬಾಕ್ಸ್ ಎಲ್ಡರ್ ಅಂತ ಒಂದು ಮರ. ದಂಡೆ ತುಂಬ ಅದೇ. ಬೇರು ಆಳಕ್ಕೆ ಹೋಗುವುದಿಲ್ಲ. ಆಯಸ್ಸೂ ಕಡಿಮೆ. ಅದರ ನೆರಳಲ್ಲಿ ಹುಲ್ಲು ಬೆಳೆಯುವುದಿಲ್ಲ, ಮಣ್ಣು ಬೆತ್ತಲೆ. ಒಂದು ದಿನ ಹಳ್ಳಕ್ಕೆ ಅಡ್ಡ ಬೀಳುತ್ತದೆ, ಬೀಳುವಾಗ ದಂಡೆಯ ದೊಡ್ಡ ಹೆಂಟೆಯನ್ನೇ ಕಿತ್ತುಕೊಂಡು ಬೀಳುತ್ತದೆ. ನೀರು ಸುತ್ತು ಹಾಕಿ ಹೊಸ ದಂಡೆ ಕೊರೆಯುತ್ತದೆ. ಫೆಬ್ರವರಿಯಲ್ಲಿ, ಮೈನಸ್ ಹತ್ತು ಡಿಗ್ರಿಯಲ್ಲಿ, ಅಜ್ಜಂದಿರು ಗರಗಸ ಹಿಡಿದು ಕಡಿಯುತ್ತಾರೆ. ನನಗೆ ಇನ್ನೂ ಗರಗಸದ ತರಬೇತಿ ಆಗಿಲ್ಲ, ಕೊಂಬೆ ಎಳೆದು ಬೆಂಕಿಗೆ ಹಾಕುವ ಕೆಲಸ. ಬೆಂಕಿ ಪಕ್ಕ ಇರುವುದೇ ಪುಣ್ಯ.

ನೆರಳು ಹೋದರೆ ನೀರು ಬಿಸಿಯಾಗುವುದಿಲ್ಲವಾ ಅಂತ ಕೇಳಬಹುದು. ನಾನೂ ಕೇಳಿದ್ದೆ. ಒರತೆ ಜೋರಾಗಿರುವ ಕಡೆ, ಹಳ್ಳ ಕಿರಿದಾಗಿ ಆಳವಾಗಿ ಓಡಿದರೆ, ಎರಡೂ ಕಡೆಯ ಎತ್ತರದ ಹುಲ್ಲೇ ಸಾಕಷ್ಟು ನೆರಳು ಕೊಡುತ್ತದೆ. ಅಗಲವಾಗಿ ತೆಳ್ಳಗೆ ಹರಡಿದ ನೀರೇ ಬೇಗ ಕಾಯುವುದು. ಹಾಗಂತ ಎಲ್ಲ ಹಳ್ಳಕ್ಕೂ ಈ ಮಾತು ಸಲ್ಲುವುದಿಲ್ಲ. ನಮ್ಮ ಮಲೆನಾಡಲ್ಲಿ ಹಳ್ಳದ ಬದಿಯ ಮರ ಕಡಿದರೆ ಪಾಪ ಸುತ್ತಿಕೊಳ್ಳುತ್ತದೆ.

ನೇರ ಮಾತು

ಮಾಸ್ತರ ಪಾಠಕ್ಕೆ ಧನ್ಯವಾದ. ಆದರೆ 2018ರ ಮಳೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಇದೇ ಕೂನ್ ಕ್ರೀಕ್, ಪಕ್ಕದ ವೆಸ್ಟ್ ಫೋರ್ಕ್ ಕಿಕಪೂ ಎರಡೂ ಕಡೆ ಸೇರಿ ಒಂದೇ ರಾತ್ರಿ ಐದು ಒಡ್ಡು ಒಡೆದವಲ್ಲ? ಮಾದರಿ ಜಲಾನಯನದ ಗತಿಯೇ ಹೀಗಾದರೆ?

ಮಣ್ಣು ಮಾಸ್ತರು

ಒಡೆದದ್ದು ನಿಜ, ಆಗಸ್ಟ್ ಕೊನೆಯ ವಾರ. ಆದರೆ ಒಡೆದವು ಹೊಲದ ಒಡ್ಡುಗಳಲ್ಲ. ಅವು ಪ್ರವಾಹ ತಡೆಯಲು ಆಮೇಲಿನ ದಶಕಗಳಲ್ಲಿ ಸರ್ಕಾರ ಕಟ್ಟಿದ ಮಣ್ಣಿನ ಅಣೆಕಟ್ಟುಗಳು. ಅಣೆಯ ನಡುವೆ ಒಡೆಯಲಿಲ್ಲ, ಅಣೆ ಗುಡ್ಡಕ್ಕೆ ತಾಗುವ ಕಡೆ ಬಾಯಿ ಬಿಟ್ಟಿತು. ಮರಳುಗಲ್ಲಿನ ಬಿರುಕಿನಲ್ಲಿ ನೀರು ನುಗ್ಗಿತು. ಯಾವ ಬಿರುಕು ಒರತೆ ಕೊಟ್ಟು ಟ್ರೌಟ್ ಸಾಕುತ್ತದೋ ಅಂಥದೇ ಬಿರುಕು ಅಣೆಯನ್ನೂ ಒಡೆಯಿತು. ಕಣ್ಣಾರೆ ನೋಡಿ ಬಂದೆ. ಎಂಜಿನಿಯರನ ಹೊಟ್ಟೆ ತೊಳಸುವ ದೃಶ್ಯ.

ಇನ್ನೊಂದು ಕಾರಣವನ್ನೂ ಬಿಡಬಾರದು. ಪಟ್ಟೆ ಬೇಸಾಯ ಉಳಿದದ್ದು ಹಸುವಿನಿಂದ. ಹಸು ಇದ್ದರೆ ಹುಲ್ಲು ಬೇಕು, ಹುಲ್ಲು ಇದ್ದರೆ ಮಣ್ಣು ನಿಲ್ಲುತ್ತದೆ. ವಿಸ್ಕಾನ್ಸಿನ್‌ನಲ್ಲಿ 2004ರಲ್ಲಿ 15,000ಕ್ಕೂ ಹೆಚ್ಚು ಡೈರಿಗಳಿದ್ದವು. ಈಗ 6,000ಕ್ಕಿಂತ ಕಡಿಮೆ. ಸಣ್ಣ ರೈತ ಹಸು ಮಾರಿದ. ಹುಲ್ಲಿನ ಪಟ್ಟೆಗೆ ಮೆಕ್ಕೆಜೋಳ, ಸೋಯಾ ಬಂತು. ಗುಡ್ಡ ಮತ್ತೆ ಬೆತ್ತಲಾಗುತ್ತಿದೆ. ಹಾಲಿನ ರೇಟು ಬಿದ್ದರೆ ಮೀನಿಗೆ ಕುತ್ತು, ಈ ಲೆಕ್ಕ ಯಾವ ಮೀನಿನ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ಮ್ಯಾಡಿಸನ್ ಅಮ್ಮ

ನಾನು ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸೊಂಟದ ಮಟ್ಟ ನೀರಿಗಿಳಿಯಲು ಆಗದವರಿಗೂ ಕೆಲಸ ಇದೆ ಅಂತ ಹೇಳಲು ಬಂದೆ.

ಇಲ್ಲಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಮತ್ತು ರಾಜ್ಯದ ಇಲಾಖೆ ಸೇರಿ ಒಂದು ಕಾರ್ಯಕ್ರಮ ನಡೆಸುತ್ತವೆ, ವಾಟರ್ ಆಕ್ಷನ್ ವಾಲಂಟಿಯರ್ಸ್ ಅಂತ. ಮೇ ತಿಂಗಳಿನಿಂದ ಅಕ್ಟೋಬರ್ ತನಕ ತಿಂಗಳಿಗೊಮ್ಮೆ ನಾನು, ಮಗ ಒಂದು ಹಳ್ಳಕ್ಕೆ ಹೋಗುತ್ತೇವೆ. ನೀರಿನ ಶಾಖ, ಕರಗಿದ ಆಮ್ಲಜನಕ, ಹರಿವು ಅಳೆಯುತ್ತೇವೆ. ಒಂದು ಉದ್ದ ಪಾರದರ್ಶಕ ಕೊಳವೆ ಇರುತ್ತದೆ, 120 ಸೆಂಟಿಮೀಟರ್. ಅದರ ತುಂಬ ಹಳ್ಳದ ನೀರು ತುಂಬಿ ಮೇಲಿನಿಂದ ಇಣುಕಬೇಕು. ತಳದ ಕಪ್ಪು-ಬಿಳುಪು ಗುರುತು ಕಂಡರೆ ನೀರು ತಿಳಿ. ಕಾಣದಿದ್ದರೆ ಕಾಣುವ ತನಕ ನೀರು ಬಿಡುತ್ತಾ ಬಂದು ಅಳತೆ ಬರೆದುಕೊಳ್ಳುವುದು. ಮಳೆ ಮಾರನೆ ದಿನ ಹೋದರೆ ಮಾಸ್ತರು ಹೇಳಿದ ಹೂಳು ಕಣ್ಣಿಗೇ ಕಾಣುತ್ತದೆ.

ಮಗನಿಗೆ ಇಷ್ಟ ಕಲ್ಲು ಮಗುಚುವುದು. ಒಂದು ಹುಳ ಇದೆ, ಕ್ಯಾಡಿಸ್. ಮರಳಿನ ಕಣಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಮೈಗೆ ಕೊಳವೆ ಕಟ್ಟಿಕೊಳ್ಳುತ್ತದೆ. ಟ್ರೌಟ್‌ಗೆ ಅದೇ ಊಟ. ಮೊದಲ ಸಲ ಅಂಗೈ ಮೇಲೆ ಇಟ್ಟುಕೊಂಡಾಗ ಅವನು "ಅಮ್ಮಾ, ಕಡ್ಡಿ ನಡೀತಿದೆ" ಎಂದು ಕೂಗಿದ. ಮನೆಗೆ ಬಂದು ಅಜ್ಜಿಗೆ ಫೋನಲ್ಲಿ ಹೇಳಿದಾಗ ಅವರು, "ನಮ್ಮ ಹಿತ್ತಲ ಹಳ್ಳದಲ್ಲೂ ಇದ್ದವು ಕಣೋ, ನಾವು ಗಾಳಕ್ಕೆ ಚುಚ್ಚುತ್ತಿದ್ದೆವು" ಎಂದರು. ಅತ್ತೆ ಗಾಳ ಹಾಕುತ್ತಿದ್ದರು ಅನ್ನುವುದೇ ನನಗೆ ಗೊತ್ತಿರಲಿಲ್ಲ!

ಬೇಜಾರಿನ ಸಂಗತಿಯೂ ಒಂದಿದೆ. ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ, ನಾವು ಅಳೆಯುವ ಹಳ್ಳಕ್ಕೆ ಮೇಲಿನ ಒಂದು ದೊಡ್ಡ ಡೈರಿಯಿಂದ ಸಗಣಿ ನೀರು ಇಳಿಯಿತು. ಹೆಪ್ಪುಗಟ್ಟಿದ ಹೊಲದ ಮೇಲೆ ಚೆಲ್ಲಿದ್ದರು. ಹಿಮ ಕರಗಿದಾಗ ನೆಲಕ್ಕೆ ಇಂಗಲು ಆಗದೆ ಎಲ್ಲ ಹಳ್ಳಕ್ಕೆ ಬಂತು. ನೀರು ಟೀ ಬಣ್ಣ, ದಡದಲ್ಲಿ ಸತ್ತ ಮೀನು. ನಾವು ಅಳೆಯುವುದು ಮೇ ತಿಂಗಳಿನಿಂದ ಅಲ್ವಾ? ನಮ್ಮ ಪಟ್ಟಿಯಲ್ಲಿ ಆ ದಿನವೇ ಇಲ್ಲ.

ಕಪಿಲಾ ತೀರ

ಅಕ್ಕ, ಓದಿ ಹೊಟ್ಟೆ ಚುರ್ ಅಂದಿತು. ನಮ್ಮಲ್ಲಿ ವಿಷವಂತೂ ಸರಿಯೇ, ಮಲೆನಾಡಿನ ಕಡೆ ಮೊದಲ ಮಳೆಗೆ ಹತ್ತುಮೀನು ಹಿಡಿಯುವುದೂ ಅತಿಯಾಯಿತು. ಮೊಟ್ಟೆ ಇಡಲು ಗದ್ದೆಗೆ ಹತ್ತುವ ಮೀನನ್ನು ದಾರಿಯಲ್ಲೇ ಹಿಡಿದರೆ ಮುಂದಿನ ವರ್ಷಕ್ಕೆ ಯಾರು ಉಳಿಯುತ್ತಾರೆ? ಹಿಂದೆ ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಒಂದು ಗುಂಡಿಯ ಮೀನು ತೇಲುತ್ತಿತ್ತು ಅಷ್ಟೇ. ಈಗ ಬ್ಲೀಚಿಂಗ್ ಪೌಡರ್, ಸಿಡಿಮದ್ದು.

ನೇರ ಮಾತು

ಮೊದಲ ಪೋಸ್ಟಿಗೆ ಸ್ವಲ್ಪ ಖಾರವಾಗಿ ಬರೆದೆ, ನನ್ನ ಹಿನ್ನೆಲೆ ಹೇಳುತ್ತೇನೆ. ಹಿಂದೆ ಕಾವೇರಿಯಲ್ಲಿ ಗಾಳದ ಕ್ಯಾಂಪುಗಳಿಗೆ ಹೋಗುತ್ತಿದ್ದೆ. ಮಹಶೀರ್ ಹಿಡಿದು, ತೂಕ ನೋಡಿ, ವಾಪಸ್ ಬಿಡುವುದು. ಬೆಂಗಳೂರಿನ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ 1970ರ ದಶಕದಿಂದ ಕಾವಲುಗಾರರನ್ನು ಇಟ್ಟು ಆ ಭಾಗ ಕಾಯುತ್ತಿತ್ತು. ಸಿಡಿಮದ್ದು ಹಾಕುವವರೇ ಎಷ್ಟೋ ಕಡೆ ಕಾವಲುಗಾರರಾದರು. ಗಾಳದವರಿಂದ ನದಿ ಉಳಿಯಿತು ಅನ್ನುವುದಕ್ಕೆ ನಾನೇ ಸಾಕ್ಷಿ.

ಆದರೆ ಅದೇ ಕಾಲದಲ್ಲಿ "ಮೀನು ಜಾಸ್ತಿಯಾಗಲಿ" ಎಂದು ಲೋಣಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ತಂದು ಬಿಟ್ಟರು. ಎಲ್ಲರಿಗೂ ಖುಷಿ. ಕಾವೇರಿಯದೇ ಆದ, ಬೆನ್ನು ಉಬ್ಬಿದ ದೊಡ್ಡ ಮಹಶೀರ್ ಸದ್ದಿಲ್ಲದೆ ಕಡಿಮೆಯಾಯಿತು. ಕ್ಯಾಂಪಿನ ಹಳೆ ದಾಖಲೆ ಪುಸ್ತಕಗಳನ್ನು ತೆಗೆದು ನೋಡಿದಾಗಲೇ ಗೊತ್ತಾದದ್ದು. ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು, ಟೋರ್ ರೆಮಾದೇವಿ, ಸಿಕ್ಕಿದ್ದು 2018ರಲ್ಲಿ. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಮಗು ಐಸಿಯುನಲ್ಲಿ. ಅದಕ್ಕೇ ಯಾರಾದರೂ ಮೀನು ಬಿಡುತ್ತೇವೆ ಅಂದರೆ ನನಗೆ ಮೈ ಉರಿಯುತ್ತದೆ.

ಕೊಪ್ಪದವನು

ಇದನ್ನು ಮೊದಲೇ ಹೇಳಿದ್ದರೆ ನಾನು ಜಗಳಕ್ಕೆ ಸಿದ್ಧನಾಗುತ್ತಿರಲಿಲ್ಲ ಸರ್. ಈ ವಿಷಯದಲ್ಲಿ ಇಲ್ಲಿಯವರಿಗೂ ಪೆಟ್ಟು ಬಿದ್ದ ಮೇಲೇ ಬುದ್ಧಿ ಬಂತು. ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ ಡಿಕ್ ವಿನ್ಸೆಂಟ್ ಎಂಬ ಮೀನು ತಜ್ಞರು ಎಣಿಸಿ ತೋರಿಸಿದರು: ಸಾಕಿದ ಮರಿ ಬಿಡುವುದು ನಿಲ್ಲಿಸಿದ ಕಡೆ ಕಾಡು ಟ್ರೌಟ್ ಹೆಚ್ಚಾಗುತ್ತದೆ. ಗಲಾಟೆಯೂ ಆಯಿತು. ಕೊನೆಗೆ 1974ರಲ್ಲಿ ಆ ರಾಜ್ಯ, ಕಾಡು ಟ್ರೌಟ್ ಇರುವ ನದಿಗಳಿಗೆ ಮರಿ ಬಿಡುವುದನ್ನೇ ನಿಲ್ಲಿಸಿತು.

ಹೆಂಡತಿಯ ಪ್ರಶ್ನೆಗೆ ಉತ್ತರ ಇವತ್ತು ಸ್ವಲ್ಪ ಹೊಳೆಯುತ್ತಿದೆ. ನಮ್ಮೂರಲ್ಲಿ ಮುಯ್ಯಾಳು ಅಂತ ಇತ್ತಲ್ಲ, ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇಲ್ಲೂ ಅದೇ ನಡೆಯುತ್ತದೆ. ಹಳ್ಳ ಇರುವುದು ರೈತನ ಜಮೀನಲ್ಲಿ. ಈ ರಾಜ್ಯದ ಕಾನೂನಿನಂತೆ ಕಾಲು ನೀರಲ್ಲೇ ಇದ್ದರೆ ಯಾರ ಜಮೀನಿನ ಹಳ್ಳದಲ್ಲೂ ನಡೆಯಬಹುದು, ದಡ ಹತ್ತುವಂತಿಲ್ಲ. ಹಾಗಾಗಿ ರೈತ ಒಪ್ಪದೆ ಒಂದು ಹಲಗೆಯೂ ಕೂರುವುದಿಲ್ಲ. ನಮ್ಮ ಶಾಖೆಯ ಹಿರಿಯರೊಬ್ಬರು ಒಬ್ಬ ರೈತನ ಬೇಲಿ ಕಟ್ಟಿಕೊಡಲು ಮೂರು ವಸಂತ ಹೋದರು. ಹಳ್ಳದ ಮಾತೇ ಎತ್ತಲಿಲ್ಲ. ನಾಲ್ಕನೇ ವರ್ಷ ರೈತನೇ ಕೇಳಿದ, "ನನ್ನ ದಂಡೆ ಕುಸಿಯುತ್ತಿದೆ, ನೋಡುತ್ತೀರಾ?" ಮೊನ್ನೆ ಶನಿವಾರ ನಾನು ನಿಂತಿದ್ದು ಅದೇ ಹಳ್ಳದಲ್ಲಿ. ಆತನಿಗೆ ಮೀನು ಬೇಕಿಲ್ಲ. ವರ್ಷಕ್ಕೆ ಒಂದಷ್ಟು ಹುಲ್ಲುಗಾವಲು ನೀರುಪಾಲಾಗುವುದು ನಿಲ್ಲಬೇಕು, ಹಸು ಕಾಲು ಮುರಿದುಕೊಳ್ಳಬಾರದು. ಸಾಕಲ್ವಾ?

ಮಣ್ಣು ಮಾಸ್ತರು

ಸಾಕು ತಮ್ಮಾ. ನಾನು ಮೂವತ್ತು ವರ್ಷ ಆರ್ಡರ್ ಹಿಡಿದುಕೊಂಡು ರೈತರ ಹೊಲಕ್ಕೆ ಹೋದೆ. ನಾವು ಹಾಕಿಸಿದ ಒಡ್ಡನ್ನು ಮರುವರ್ಷ ಎಷ್ಟೋ ಜನ ಉತ್ತು ಹಾಕಿದರು. ಬೇಲಿ ಕಟ್ಟಿಕೊಡುವ ಉಪಾಯ ನನಗೆ ಹೊಳೆದಿರಲಿಲ್ಲ.

ಒಂದು ಪ್ರಶ್ನೆ. ಆ ಓಕ್ ಹಲಗೆ ನೀರಲ್ಲಿ ಕೊಳೆಯುವುದಿಲ್ಲವೇ?

ಕಪಿಲಾ ತೀರ

ಇದಕ್ಕೆ ನಾನು ಹೇಳಬಹುದಾ? ನಮ್ಮ ಕಡೆ ಬಾವಿಯ ತಳಕ್ಕೆ ನೆಲ್ಲಿ ಮರದ ಹಲಗೆ ಹಾಕುತ್ತಾರೆ. ಅಜ್ಜನ ಕಾಲದ್ದು ಇನ್ನೂ ಗಟ್ಟಿ ಇದೆ. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸೋಕುವುದಿಲ್ಲ. ನೀರು ಒಮ್ಮೆ ಏರಿ ಒಮ್ಮೆ ಇಳಿಯುವ ಕಡೆಯ ಮರವೇ ಬೇಗ ಹಾಳು.

ಕೊಪ್ಪದವನು

ಅದೇ ಕಾರಣಕ್ಕೇ ನೀರಿನ ಮಟ್ಟದ ಕೆಳಗೆ ಕೂರಿಸುವುದು ತಂಗಿ. ನಮ್ಮ ಮೇಸ್ತ್ರಿ ಅಜ್ಜನಿಗೆ ನೆಲ್ಲಿ ಹಲಗೆ ಕಥೆ ಹೇಳುತ್ತೇನೆ.

ಬಿಸಿಬೇಳೆ

ಕೊನೆ ಬೆಂಚಿನಿಂದ ಒಂದು ಪ್ರಶ್ನೆ. ನಾನು ಮಿನಿಯಾಪೊಲಿಸ್‌ನಲ್ಲಿದ್ದೇನೆ, ಲಾ ಕ್ರಾಸ್‌ಗೆ ಎರಡೂವರೆ ಗಂಟೆ. ಮುಂದಿನ ಶ್ರಮದಾನಕ್ಕೆ ಬರಬಹುದಾ? ಏನು ತರಬೇಕು?

ಕೊಪ್ಪದವನು

ಖಂಡಿತ ಬನ್ನಿ. ಬರುವ ಶನಿವಾರ ಬೆಳಗ್ಗೆ ಎಂಟಕ್ಕೆ. ನೀರಿಗಿಳಿಯಲು ಹಾಕುವ ಉದ್ದನೆ ಬೂಟು, ವೇಡರ್, ನಮ್ಮ ಹತ್ತಿರ ಇದೆ, ನಿಮ್ಮ ಶೂ ಸೈಜ್ ಖಾಸಗಿ ಸಂದೇಶದಲ್ಲಿ ಕಳಿಸಿ. ಬೇರೆ ಹಳ್ಳಕ್ಕೆ ಇಳಿದಿದ್ದ ಬೂಟು ಇದ್ದರೆ ತರಲೇಬೇಡಿ. ನ್ಯೂಜಿಲೆಂಡ್ ಮಡ್ ಸ್ನೇಲ್ ಅಂತ ಎಳ್ಳುಕಾಳಿನಷ್ಟು ಸಣ್ಣ ಬಸವನಹುಳ ಇದೆ. ಮ್ಯಾಡಿಸನ್ ಹತ್ತಿರದ ಬ್ಲ್ಯಾಕ್ ಅರ್ಥ್ ಕ್ರೀಕ್‌ನಲ್ಲಿ 2013ರಲ್ಲಿ ಸಿಕ್ಕಿತು. ಬೂಟಿನ ಕೆಸರಲ್ಲಿ ಒಂದೇ ಒಂದು ಕೂತು ಬಂದರೂ ಸಾಕು, ಗಂಡಿಲ್ಲದೆಯೇ ಮರಿ ಹಾಕುತ್ತದೆ.

ಮಧ್ಯಾಹ್ನ ಅವರು ಬ್ರಾಟ್ ಅನ್ನುವ ಮಾಂಸದ ಸಾಸೇಜ್ ಸುಡುತ್ತಾರೆ. ನೀವು ಸಸ್ಯಾಹಾರಿ ಆದರೆ ಈಗಲೇ ಹೇಳಿ. ಹೋದ ಸಲ ನನಗೆ ಬರೀ ಬನ್ನು, ಸಾಸಿವೆ ಸಾಸು ಸಿಕ್ಕಿತ್ತು.

ಬಿಸಿಬೇಳೆ

ಹೆಸರು ನೋಡಿಯೂ ಕೇಳುತ್ತೀರಾ? ದೊಡ್ಡ ಡಬ್ಬಿ ತುಂಬ ನಾನೇ ತರುತ್ತೇನೆ. ಇಪ್ಪತ್ತೈದು ಜನ ಅಂದಿರಿ, ಅಜ್ಜಂದಿರಿಗೆ ಖಾರ ಎಷ್ಟು ಹಾಕಲಿ?